ಆಂಪ್ಲಿಫೈಯರಿನ ಕರಕರ

ಸ್ಟೀಲ್ ತಟ್ಟೆಗೆ ಸ್ಕ್ರೂ ಬಿದ್ದ ಸದ್ದು, ಹಿಂದೆಯೇ ಇನ್ನೊಂದು, ಅವ್ವ ಅಕ್ಕಿಯಿಂದ ಕಲ್ಲು ಆರಿಸಿ ಎಸೆಯುವಾಗಲೂ ಹೀಗೇ — ಅಲ್ಲ, ಇದು ಸಿಕಂದರ್, ಸ್ಟೇಶನ್ ಬಜಾರದ ರೇಡಿಯೋ ಮೆಕ್ಯಾನಿಕ್, ನನ್ನ ಹಳೇ ವಾಲ್ವ್ ಆಂಪ್ಲಿಫೈಯರ್ ಬಿಚ್ಚುತ್ತಿದ್ದಾನೆ, ತಡಾ ಆತು ಸಾಬ್, ದಸರಾಕ್ಕ ಹೇಳಿದ್ರಿ, ಸಂಕ್ರಾಂತಿ ಬಂತು, ಹೌದು, ದಸರೆಯಲ್ಲಿ ಹೇಳಿದ್ದೆ, ಆಗ ಅವ್ವ ಇದ್ದಳು, ಈಗ ಇಲ್ಲ, ಎರಡೂ ಮಾತು ಒಂದೇ ತೂಕದಲ್ಲಿ ಒಳಗೆ ಬೀಳುತ್ತವೆ, ಸ್ಕ್ರೂಗಳ ಹಾಗೆ. ಶಹಾಬಜಾರದ ಸದ್ದು ಈ ಕೋಣೆಗೆ ಬರಬಾರದೆಂದು ಗೋಡೆ ತುಂಬ ನೆಹರು ಗಂಜ್ ಮಾರುಕಟ್ಟೆಯ ಗೋಣಿಚೀಲ ಹೊಡೆದಿದ್ದೇನೆ, ಇನ್ನೂ ತೊಗರಿಯ ವಾಸನೆ, ಹೈದರಾಬಾದಿನ ಆರ್ಕೆಸ್ಟ್ರಾದವರಿಂದ ಕೊಂಡ ಸಿಂಥಸೈಜರ್ ಮೂಲೆಯಲ್ಲಿ ಅವ್ವನ ಹಳೇ ಇಳಕಲ್ ಸೀರೆ ಹೊದ್ದು ಕೂತಿದೆ, ಬ್ಯಾಂಕಿನಿಂದ ಬಂದು ಸಂಜೆಯೆಲ್ಲ ಒಂದೇ ಸ್ವರ ಒತ್ತಿ ಹಿಡಿದು ಅದು ಮುಗಿಯುವುದನ್ನು ಕೇಳುತ್ತಿದ್ದೆ, ಟೇಪಿಗೂ ಹಿಡಿಯುತ್ತಿದ್ದೆ, ಇದೇನ್ ಹುಚ್ಚೋ ಕಾಶ್ಯಾ, ಎಮ್ಮಿ ಒದರಿದಂಗ ಅದ, ಎನ್ನುತ್ತಲೇ ಅವ್ವ ಕಮಲಾಪುರದಿಂದ ಬಂದಾಗೆಲ್ಲ ಇಲ್ಲೇ ಕೂರುವಳು, ಆಂಪ್ಲಿಫೈಯರಿನ ಹಿಂದೆ ಬಗ್ಗಿ ಕೆಂಪಗಾದ ಗಾಜಿನ ವಾಲ್ವ್ ನೋಡುವಳು, ಒಳಗ ದೀಪ ಇಟ್ಕೊಂಡು ಕುಂತದ ಪಾಪ, ಪೂಜಿ ಮಾಡಲಾರ್ದ ಹೆಂಗ ಬಿಡೋದು, ಪ್ರತಿ ವರ್ಷ ದಸರೆಯ ಖಂಡೆ ಪೂಜೆಗೆ ಕುಡುಗೋಲು, ಈಳಿಗೆ, ನನ್ನ ಸೈಕಲ್ಲು, ಕೊನೆಗೆ ಇದು, ವಾಲ್ಯೂಮಿನ ಗುಂಡಿ ಎಂದೋ ಕಳಚಿ ಬರೀ ಕಡ್ಡಿ ಉಳಿದಿತ್ತು, ಆ ಕಡ್ಡಿಯ ಬುಡಕ್ಕೇ ಚಿಟಿಕೆ ಕುಂಕುಮ ಒತ್ತುವಳು, ಅವ್ವಾ ಒಳಗ ಹೋಗ್ತದ, ಕೆಡ್ತದ, ಹೋಗ್ಲಿ ಬಿಡು, ನಾ ಇಟ್ಟ ಕುಂಕುಮಕ್ಕ ಕೆಡೋ ಮಷೀನ ಇಟ್ಕೊಂಡು ನೀ ಏನ್ ಮಾಡ್ತಿ, ಉದುರಿ ಉದುರಿ ಒಳಗೆ ಸೇರಿತು, ಕಡ್ಡಿ ತಿರುಗಿಸಿದರೆ ಕರಕರ, ಟೇಪಿನಲ್ಲಿ ಅದು ಬಂದಾಗೆಲ್ಲ ಬೈದು ಅಳಿಸಿ ಮತ್ತೆ ಹಿಡಿಯುತ್ತಿದ್ದೆ, ಅದನ್ನು ತೆಗೆಸಲೆಂದೇ ಸಿಕಂದರನಿಗೆ ಹೇಳಿದ್ದೆ.

ಕಮಲಾಪುರದ ಕೆಂಪು ಮಣ್ಣು, ಹಿಡಿ ಕೊಟ್ಟು ಅವ್ವನ ಮೇಲೆ ಹಾಕು ಎಂದರು, ಹಾಕಿದೆ, ಅಳೋ ಮಗಾ, ಹಗುರಾಗ್ತದ, ಅಪ್ಪ ಭುಜ ಅಲ್ಲಾಡಿಸಿದ, ಅಳು ಬರಲಿಲ್ಲ, ಪಕ್ಕದ ತೋಟದ ಬಾಳೆಗೊನೆ ನೋಡುತ್ತ ನಿಂತಿದ್ದೆ, ಅದೂ ಕೆಂಪು, ಮರಳಿ ಬಂದು ಟೇಪುಗಳನ್ನೆಲ್ಲ ಹಾಕಿದೆ, ಅವ್ವನ ದನಿ ಎಲ್ಲಿಯೂ ಇಲ್ಲ, ಮೈಕ್ ಹಿಡಿದರೆ ಸೆರಗು ಬಾಯಿಗೊತ್ತಿ ಸುಮ್ಮನಾಗುತ್ತಿದ್ದಳು, ಉಳಿದದ್ದು ಈ ಕರಕರ ಒಂದೇ, ಅವಳ ಬೆರಳಿನದು, ಅಂದಿನಿಂದ ಸಿಂಥಸೈಜರ್ ಮುಟ್ಟಿಲ್ಲ, ಸಂಜೆ ಆಂಪ್ಲಿಫೈಯರ್ ಹಚ್ಚಿ ಕಡ್ಡಿ ತಿರುಗಿಸುತ್ತ ಕೂರುತ್ತೇನೆ, ಅಷ್ಟೇ — ಅರೆ ಸಾಬ್, ಇದರಾಗ ಕುಂಕುಮದ ದುಕಾನ ಇಟ್ಟೀರೇನು, ಸಿಕಂದರ್ ನಗುತ್ತಾನೆ, ಸ್ಪಿರಿಟ್ ಬಾಟಲಿಯ ಬಿರಡೆ ತೆಗೆದ, ಮೂಗಿಗೆ ತಣ್ಣನೆ ವಾಸನೆ, ಈಗ ಹೇಳಬೇಕು, ಬ್ಯಾಡ ಸಿಕಂದರ್ ಭಾಯಿ, ಹಂಗೇ ಇರಲಿ, ಮಾತು ನಾಲಿಗೆಯ ಮೇಲೇ ಇದೆ, ಬೆಂಕಿಕಡ್ಡಿಗೆ ಹತ್ತಿ ಸುತ್ತುತ್ತಿದ್ದಾನೆ, ಇನ್ನೂ ಹೇಳಬಹುದು, ಅದ್ದಿದ, ಇನ್ನೂ — ಏನರೆ ಹೇಳಿದ್ರೇನ್ ಸಾಬ್, ಏನಿಲ್ಲ, ಮಾಡು, ಇದು ನನ್ನದೇ ದನಿ, ಗೋಣಿಚೀಲಗಳು ಅದನ್ನೂ ನುಂಗಿದವು.

ಈಗ ತಿರುವಿ ನೋಡ್ರಿ, ಮಕ್ಖನ್ ಆಗ್ಯಾದ, ಬೆಣ್ಣಿ ಹಂಗ, ವಾಲ್ವ್ ಬಿಸಿಯಾಗಲು ಹೊತ್ತು ಬೇಕು, ಕೂತಿದ್ದೇವೆ, ಕೆಂಪಗಾಯಿತು, ತಿರುಗಿಸುತ್ತೇನೆ, ಏನೂ ಇಲ್ಲ, ಕೊನೆಯವರೆಗೆ ತಿರುಗಿಸುತ್ತೇನೆ, ಏನೂ ಇಲ್ಲ, ಇಷ್ಟು ವರ್ಷ ನಾನು ಬೇಡಿದ ಶುದ್ಧ ಮೌನ, ಚಹಾ ಸಿಗ್ತದೇನ್ ಸಾಬ್, ಸಿಗ್ತದ, ಏಳಬೇಕು, ನೀರಿಡಬೇಕು, ತಟ್ಟೆಯಲ್ಲಿ ಸ್ಕ್ರೂಗಳ ನಡುವೆ ಅವನು ಬಿಸಾಕಿದ ಹತ್ತಿ, ಒದ್ದೆ, ಕೆಂಪು, ಏಳಬೇಕು, ಸ್ಪಿರಿಟ್ ಆರುತ್ತಿದೆ, ಹತ್ತಿ, ಕೆಂಪು ಹತ್ತಿ —