ಸಿಸ್ಟರೂ ಮದ್ರಾಸಿಯೇ

"ಒಂದು ಪ್ರಶ್ನೆಗೂ ಸರಿಯಾದ ಉತ್ತರ ಇಲ್ಲ," ಎಂದರು ಡಾಕ್ಟರು ಹಿಂದಿಯಲ್ಲಿ, ಐಸಿಯು ಬಾಗಿಲನ್ನು ಮೊಣಕೈಯಲ್ಲಿ ತಡೆದು ಹಿಡಿದುಕೊಂಡೇ. "ಹೆಸರು ಕೇಳಿದ್ವಿ, ಇವತ್ತು ಯಾವ ವಾರ ಅಂತ ಕೇಳಿದ್ವಿ. ಏನೋ ಗೊಣಗ್ತಾರೆ. ನಮ್ಮ ಸಿಸ್ಟರೂ ಮದ್ರಾಸಿಯೇ, ಅವರನ್ನೂ ಕರೆಸಿದೆ. ಅವರಿಗೂ ಒಂದಕ್ಷರ ತಿಳೀಲಿಲ್ಲ. ತಲೆಯ ಸ್ಕ್ಯಾನ್ ಮಾಡಿಸಿಬಿಡೋಣ. ಈ ವಯಸ್ಸಿನಲ್ಲಿ ಆಪರೇಷನ್ ಆದ ಮೇಲೆ ಮೆದುಳಿಗೆ ಪೆಟ್ಟು ಬೀಳೋದುಂಟು."

ಪ್ರೇರಣಾ ತಲೆಯಾಡಿಸಿದಳು. ಲಕ್ಷ್ಮೀ ನಗರದ ಮೆಟ್ರೋ ಮೆಟ್ಟಿಲ ಮೇಲೆ ಮೊನ್ನೆ ಜಾರಿಬಿದ್ದು ಅಪ್ಪನ ಸೊಂಟದ ಮೂಳೆ ಮುರಿದಿತ್ತು. ನಿನ್ನೆ ಸಂಜೆ ಆಪರೇಷನ್ ಆಗಿ, ಎಲ್ಲ ಚೆನ್ನಾಗಿದೆ ಎಂದೂ ಹೇಳಿದ್ದರು. ಈಗ ಈ ಮಾತು. ಹಿಂದಿಯಲ್ಲಿ ಕೇಳಿದ್ದಕ್ಕೆ ಅಪ್ಪ ತಿಪ್ಪೇಸ್ವಾಮಿ ಉತ್ತರ ಕೊಡಲಿಲ್ಲ ಎಂದರೆ ನಂಬುವುದು ಹೇಗೆ? ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಪ್ರತಿ ಸೆಪ್ಟೆಂಬರಿನಲ್ಲಿ ಕಚೇರಿಯಲ್ಲಿ ಹದಿನೈದು ದಿನ ನಡೆಯುವ ಹಿಂದಿ ಪಖವಾಡದ ಪ್ರಬಂಧ ಸ್ಪರ್ಧೆಯಲ್ಲಿ ಉತ್ತರದವರನ್ನೇ ಹಿಂದಿಕ್ಕಿ ಗೋಡೆ ಗಡಿಯಾರ, ಟಿಫಿನ್ ಕ್ಯಾರಿಯರ್ ಗೆದ್ದು ಲೋಧಿ ಕಾಲೋನಿಯ ಕ್ವಾರ್ಟರ್ಸಿಗೆ ಹೊತ್ತು ತರುತ್ತಿದ್ದವರು. ಅಂಥ ಹಿಂದಿಯೇ ಹೋಗಿದೆ ಎಂದರೆ ಉಳಿದದ್ದೂ ಹೋದ ಹಾಗೆಯೇ. ಕೆಳಗೆ ಕಾಯುತ್ತ ಕೂತಿರುವ ಅಮ್ಮನಿಗೆ ಏನೆಂದು ಹೇಳುವುದು? ಇದ್ದದ್ದು ಒಂದೇ ಪಾಸು; 'ನಿನಗೆ ಅವರ ಮಾತು ತಿಳಿಯುತ್ತೆ, ನೀನೇ ಹೋಗು' ಎಂದು ಅಮ್ಮ ಅದನ್ನು ಮಗಳ ಕೈಗೆ ತುರುಕಿದ್ದಳು.

ಒಳಗೆ ಬಿಡುವ ಮುಂಚೆ ಅವಳಿಗೆ ನೀಲಿ ಗೌನು ಕಟ್ಟಿಕೊಡುತ್ತ ಸಿಸ್ಟರ್ ಜಿನ್ಸಿ ಕೇಳಿದಳು, "ನಿಮ್ಮದು ಯಾವ ಕಡೆ?"

"ಕರ್ನಾಟಕ."

"ಹಾಗಾದ್ರೆ ಕನ್ನಡ ಇರಬೇಕು. ನಾನು ಕೊಟ್ಟಾಯಂನವಳು. ನನ್ನ ಭಾಷೆ ಅಲ್ಲ ಅಂತ ಹೇಳೋಷ್ಟರಲ್ಲಿ ಸಾರ್ ಮುಂದಿನ ಬೆಡ್ಡಿಗೆ ಹೋದ್ರು. ಮದ್ರಾಸಿ ಬಂದ್ರೆ ಸಾಕು, ಜಿನ್ಸೀನ ಕರೀರಿ ಅಂತಾರೆ. ತಮಿಳಾದ್ರೆ ಹೇಗೋ ಸಂಭಾಳಿಸ್ತೀನಿ. ಹೋದ ತಿಂಗಳು ಒಬ್ಬ ಒಡಿಯಾ ತಾತನಿಗೂ ನನ್ನನ್ನೇ ಕರೆದಿದ್ರು."

ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದರಿಂದ ಅಪ್ಪನ ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮುಚ್ಚಿಕೊಂಡೇ ತುಟಿ ಅಲ್ಲಾಡಿಸುತ್ತಿದ್ದರು. ಪ್ರೇರಣಾ ಬಗ್ಗಿದಳು.

"ಎಷ್ಟು ಸಲ ಯೇಳ್ಬೇಕು ಈ ಯಮ್ಮಂಗೆ. ಕಾಲು ಕೊರೀತೈತೆ, ವದಿಕೆ ಎಳೀರವ್ವ ಅಂತ."

ಅವಳು ಕಾಲ ಕಡೆ ನೋಡಿದಳು. ಹೊದಿಕೆ ಸರಿದು ಎಡಪಾದ ಎಸಿಯ ಗಾಳಿಗೆ ನೇರ ಚಾಚಿಕೊಂಡಿತ್ತು. ಎಳೆದು ಮುಚ್ಚಿದಳು.

"ಪಾಪಾ, ಮೈಂ ಪ್ರೇರಣಾ," ಎಂದಳು ಹಿಂದಿಯಲ್ಲಿ. ಅಪ್ಪ ಯಾರದೋ ಮನೆಯ ಮಗುವನ್ನು ನೋಡುವಂತೆ ನೋಡಿದರು. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಇವಳು ಹಿಂದಿಯಲ್ಲಿ ಉತ್ತರ ಕೊಡುವುದು ಇಪ್ಪತ್ತಾರು ವರ್ಷದ ರೂಢಿ. ಈಗ ಆ ಹಿಂದಿ ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಅವಳು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿದಳು.

"ಅಪ್ಪಾ... ನಿಮ್ಮ ಹೆಸರು ಏನು?"

"ತಿಪ್ಪೇಸ್ವಾಮಿ. ಯಾಕವ್ವ, ಬದಲಾಯಿಸಿಬಿಟ್ರಾ?"

"ಇವತ್ತು ಯಾವ ವಾರ?"

"ಮಂಗಳ್ವಾರ. ಆವಯ್ಯಂಗೆ ಆಗ್ಲೇ ಎಲ್ಡು ಸಲ ಯೇಳೀನಿ. ಕಿವಿ ಕೇಳ್ಸಲ್ವೇನೋ ಪಾಪ, ಸಣ್ಣ ವಯಸ್ಸು."

ಪ್ರೇರಣಾ ಮಂಚದ ಕಂಬಿ ಹಿಡಿದುಕೊಂಡಳು. "ಡಾಕ್ಟರ್," ಎಂದು ಕರೆದಳು, "ಇವರು ಎಲ್ಲಾನೂ ಸರಿಯಾಗೇ ಹೇಳ್ತಿದಾರೆ."

ಡಾಕ್ಟರಿಗೆ ಅಷ್ಟು ಬೇಗ ನಂಬಿಕೆ ಬರಲಿಲ್ಲ. ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿ ಎಂದರು. ಅಪ್ಪ ನಿಟ್ಟುಸಿರು ಬಿಟ್ಟು ಶುರು ಮಾಡಿದರು: ಇಪ್ಪತ್ತು, ಅತ್ತೊಂಬತ್ತು, ಅದಿನೆಂಟು. "ಸರಿಯಾಗಿದೆಯಾ?" ಎಂದು ಡಾಕ್ಟರು ನಡುವೆ ಕೇಳಿದರು. ಹದಿನೇಳು ಮೊದಲೋ ಹದಿನಾರು ಮೊದಲೋ ಅವಳಿಗೇ ಗಟ್ಟಿ ಇರಲಿಲ್ಲ. ಆದರೆ ಅಪ್ಪನ ದನಿ ಎಲ್ಲೂ ತಡವರಿಸದೆ, ಗೊತ್ತಿರುವ ಮೆಟ್ಟಿಲು ಇಳಿದಂತೆ ಒಂದರವರೆಗೂ ಇಳಿಯಿತು.

"ಪಕ್ಕಾ," ಎಂದಳು.

ಡಾಕ್ಟರು ನಕ್ಕು ಜಿನ್ಸಿಗೆ ಹೇಳಿದರು, "ಮದ್ರಾಸಿ ಅಲ್ವಾ, ಲೆಕ್ಕ ತಪ್ಪೋದೆಲ್ಲಿ."

ಅಪ್ಪನ ಒಂದು ಕಣ್ಣು ಪೂರ್ತಿ ತೆರೆಯಿತು. "ಮದ್ರಾಸಿ ನಹೀ, ಡಾಕ್ಟರ್ ಸಾಬ್," ಎಂದರು ಬೊಚ್ಚುಬಾಯಲ್ಲಿ, ನಿಧಾನವಾಗಿ. "ಕರ್ನಾಟಕ. ಜಿಲಾ ಚಿತ್ರದುರ್ಗ."

ಜಿನ್ಸಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪನ ಈ ವಾಕ್ಯವನ್ನು ಪ್ರೇರಣಾ ಹಾಲಿನ ಬೂತಿನಲ್ಲಿ, ರೈಲಿನಲ್ಲಿ, ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಕೇಳಿದ್ದಳು. ಶಾಲೆಯಲ್ಲಿ ಹುಡುಗರು ಅವಳ ಎಣ್ಣೆಜಡೆ ಎಳೆದು ಹೇಳುತ್ತಿದ್ದುದೂ ಅದೇ 'ಮದ್ರಾಸಿ' ಪದ. ಮದ್ರಾಸಿಗಳೆಂದರೆ ಗಲಾಟೆ ಇಲ್ಲದ ಜನ ಎಂದು ಮನೆಯೊಡತಿ ಬೀಗದಕೈ ಕೊಟ್ಟದ್ದೂ ಅದೇ ಪದಕ್ಕೆ. ಮನೆಯೊಡತಿಯನ್ನೂ ಅಪ್ಪ ನಿಂತಲ್ಲೇ ತಿದ್ದಿದ್ದರು, ಅಂದು ಅವಳು ನಾಚಿಕೆಯಿಂದ ಗೋಡೆ ನೋಡಿದ್ದಳು. ಇವತ್ತು ಇನ್ನೊಂದು ಸಲ ಹೇಳಲಿ ಎನಿಸಿತು.

"ಸಾರಿ, ಅಂಕಲ್," ಎಂದರು ಡಾಕ್ಟರು. ಸ್ಕ್ಯಾನಿನ ಚೀಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು.

ಲಿಫ್ಟಿಗೆ ಕಾಯದೆ ಪ್ರೇರಣಾ ನಾಲ್ಕು ಮಹಡಿ ಇಳಿದಳು. ಕಾಯುವ ಕೋಣೆಯಲ್ಲಿ ಅಮ್ಮ ರತ್ನಮ್ಮ ನೆಟ್ಟಗೆ ಕೂತಿದ್ದಳು. ಪಕ್ಕದ ಕುರ್ಚಿಯ ಹೆಂಗಸೊಬ್ಬಳು ಅವಳ ಭುಜಕ್ಕೆ ತಲೆಯಿಟ್ಟು ಬಾಯಿ ತೆರೆದು ಮಲಗಿಬಿಟ್ಟಿದ್ದಳು.

"ಅಮ್ಮಾ, ಅಪ್ಪ ಮಾತಾಡಿದರು. ತುಂಬ ಮಾತಾಡಿದರು. ತಲೆಗೆ ಏನೂ ಆಗಿಲ್ಲ."

"ಮೆಲ್ಲಗೆ," ಎಂದಳು ರತ್ನಮ್ಮ. "ಎರಡು ರಾತ್ರಿ ಆಗಿತ್ತಂತೆ ಈಕೆ ಕಣ್ಣು ಮುಚ್ಚಿ. ಗಂಡ ಒಳಗಿದ್ದಾನೆ."

"ಯಾರು ಇವರು?"

"ಯಾರೋ ಬಿಹಾರಿ. ಊರೂ ಹೇಳಿದ್ಲು, ಮರ್ತೋಯ್ತು."

ಅಷ್ಟು ಹೇಳಿದ ಮೇಲೆ ಅಮ್ಮನ ಗದ್ದ ನಡುಗತೊಡಗಿತು. ಭುಜವನ್ನು ಮಾತ್ರ ಅಲುಗಿಸಲಿಲ್ಲ. ಇನ್ನೊಂದು ಕೈ ಚಾಚಿ ಮಗಳ ಮಣಿಕಟ್ಟು ಹಿಡಿದುಕೊಂಡು, ಆ ಹೆಂಗಸಿನ ನಿದ್ದೆ ಕೆಡದಂತೆ ಸದ್ದಿಲ್ಲದೆ ಅತ್ತಳು.