ಕಿರುಬೆರಳ ಉಗುರು

ಮೊದಲ ಚೆಂಬು ನೀರು ಬಿದ್ದಾಗ ಕೂಸು ಅಳಲಿಲ್ಲ. ಎರಡನೆಯದಕ್ಕೂ ಅಳಲಿಲ್ಲ.

ಪಾಪಾತಿ ಹಿತ್ತಿಲ ಚಪ್ಪಡಿಯ ಮೇಲೆ ಕಾಲು ನೀಡಿ ಕುಳಿತು, ಮಲ್ಲಿಯನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ಕಡಲೆಹಿಟ್ಟು ಉಜ್ಜುತ್ತಿದ್ದಳು. ಆಷಾಢದ ಹೊತ್ತಿನ ಆಡಿ ತಿಂಗಳ ಗಾಳಿ ಬೇಲಿಯ ಮೇಲೆ ಹರವಿದ ಬಟ್ಟೆಗಳನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಇಂಥ ಗಾಳಿಯಲ್ಲಿ ಐದು ತಿಂಗಳ ಕೂಸು ಹಟ್ಟಿಯ ಕೊನೆಯ ಮನೆಗೆ ಕೇಳುವಂತೆ ಕಿರುಚಬೇಕು. ಮಲ್ಲಿ ಹಿಂಡದೆ ಬಿಟ್ಟ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಅಂಗಾತ ತಿರುಗಿಸಿ ಮುಖ ತೊಳೆದಾಗ ಕಣ್ಣು ತೆರೆಯಿತು. ಕಣ್ಣೊಳಗಿನ ಕಪ್ಪು ಬೊಟ್ಟು ಸಾಸಿವೆಗಿಂತ ಸಣ್ಣಗಿತ್ತು.

"ನೋಡಿದೆಯಾ, ಎಷ್ಟು ಒಳ್ಳೆ ಕೂಸು," ಎಂದಳು ಬಾಗಿಲಲ್ಲಿ ಕುಳಿತಿದ್ದ ಮಾದಿ. ಮಾದಿ ಮಲ್ಲಿಯ ಅಜ್ಜಿ. ಹಟ್ಟಿಯ ಮಾತಿನಲ್ಲಿ ಹೆತ್ತೆ. "ಎನ್ನ ಮಗ ಹಾಲ, ಇದರ ಅಪ್ಪ, ಹುಟ್ಟಿದಾಗಲೂ ಹೀಗೇ. ಮನೆಯಲ್ಲಿ ಕೂಸು ಇದೆ ಅನ್ನುವುದೇ ಯಾರಿಗೂ ಗೊತ್ತಾಗಲಿಲ್ಲ."

ಪಾಪಾತಿ ಮುದುಕಿಯ ಕೈ ನೋಡಿದಳು. ಒಂಬತ್ತು ಬೆರಳುಗಳ ಉಗುರು ಮಣ್ಣು ಅಗೆದು ಸವೆದಿದ್ದವು. ಬಲಗೈಯ ಕಿರುಬೆರಳಿನದು ಮಾತ್ರ ಉದ್ದವಾಗಿತ್ತು. ಅದರ ಕೆಳಗೆ ಕಪ್ಪಗೆ ಏನೋ ಅಂಟಿಕೊಂಡಿತ್ತು.

ಬೆಳ್ಳಾರೆ ಹಟ್ಟಿಯಲ್ಲಿ ಅದಕ್ಕೆ 'ಉಗುರು ಕೊಡುವುದು' ಎನ್ನುತ್ತಿದ್ದರು. ಕೋತಗಿರಿಯ ಸಂತೆಯಲ್ಲಿ ಸಿಕ್ಕುವ ಅಫೀಮಿನ ರಾಗಿಕಾಳಷ್ಟು ಚೂರನ್ನು ಉಗುರಿನ ಕೆಳಗೆ ಮೆತ್ತಿ, ತಾಯಿಹಾಲಿನಲ್ಲಿ ಅದ್ದಿ, ಬೆರಳನ್ನು ಕೂಸಿನ ಬಾಯಿಗೆ ಕೊಡುವುದು. ಕೂಸು ಚೀಪುತ್ತದೆ, ಮಲಗುತ್ತದೆ, ತಾಯಿ ಸಂಜೆ ಮರಳುವವರೆಗೆ ಏಳುವುದಿಲ್ಲ. ಅಫೀಮು ಎಂದು ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಹೆಸರಿಟ್ಟಿದ್ದರೆ ಒಂದು ಸಲವಾದರೂ ಅಂಜಿಕೆಯಾಗುತ್ತಿತ್ತೋ ಏನೋ. ಉಗುರಿಗೆ ಯಾರು ಅಂಜುತ್ತಾರೆ?

ಪಾಪಾತಿ ಪಕ್ಕದ ಹಟ್ಟಿಯವಳು. ಹತ್ತೊಂಬತ್ತಕ್ಕೇ ಗಂಡ ಸತ್ತ. ಮೂವತ್ತು ದಾಟಿದ ಮೇಲೆ ಅಕ್ಷರ ಕಲಿತು, ಹೆರಿಗೆ ಆಸ್ಪತ್ರೆಯಲ್ಲಿ ಎಂಟು ತಿಂಗಳು ಕೆಲಸ ಕಲಿತು, ಊಟಿಯ ಮಕ್ಕಳ ರಕ್ಷಣೆಯ ಸಮಿತಿಯೊಂದರಲ್ಲಿ ಸೇರಿದ್ದಳು. ಹಟ್ಟಿಯಿಂದ ಹಟ್ಟಿಗೆ ನಡೆದು, ಬಸುರಿಯರನ್ನೂ ಕೂಸುಗಳನ್ನೂ ನೋಡಿ, ತಿಂಗಳಿಗೊಮ್ಮೆ ಸಮಿತಿಗೆ ವರದಿ ಬರೆಯುವುದು ಅವಳ ಕೆಲಸ. ಜನ ಅವಳನ್ನು ಕೂಸಕ್ಕ ಎಂದು ಕರೆಯುತ್ತಿದ್ದರು. ಅರ್ಧ ಪ್ರೀತಿ, ಅರ್ಧ ಹಾಸ್ಯ. ಅವಳಿಗೆ ಸ್ವಂತ ಕೂಸಿರಲಿಲ್ಲ.

"ಹೆತ್ತೆ, ಇದು ಒಳ್ಳೆತನ ಅಲ್ಲ, ಅಮಲು," ಎಂದಳು ಪಾಪಾತಿ.

ಮಾದಿ ನಕ್ಕಳು. "ಆರು ಮಕ್ಕಳನ್ನು ಇದೇ ಉಗುರಿನಲ್ಲಿ ಸಾಕಿದೆ. ಆರೂ ಕಲ್ಲಿನ ಹಾಗಿದ್ದಾರೆ."

"ಹೆತ್ತದ್ದು ಎಷ್ಟು?"

"ಒಂಬತ್ತು," ಎಂದಳು. ಉಳಿದ ಮೂರನ್ನು ದೇವರು ಕರೆದುಕೊಂಡ ಎಂದಳು. ಪಾಪಾತಿ ಕೂಸನ್ನು ಒರೆಸಿ ಕಂಬಳಿಯಲ್ಲಿ ಸುತ್ತಿದಳು.

ಸಂಜೆ ಮಲ್ಲಿಯ ತಾಯಿ ಚಿನ್ನಿ ಬಂದಳು. ಚಾ ಎಸ್ಟೇಟಿನಲ್ಲಿ ಎಲೆ ಕೊಯ್ದು ಬೆರಳ ತುದಿ ಕಪ್ಪಾಗಿತ್ತು. ಎದೆಯ ಮೇಲಿನ ಬಟ್ಟೆ ಹಾಲು ಸೋರಿ ಒದ್ದೆಯಾಗಿತ್ತು. ಆ ಒದ್ದೆಯನ್ನು ಮುಚ್ಚಿಕೊಳ್ಳುತ್ತಲೇ ಅವಳು ಪಾಪಾತಿಯ ಮಾತು ಕೇಳಿದಳು. ಕೂಸನ್ನು ಹೊತ್ತು ಚಾ ಗಿಡದ ಸಾಲಿಗೆ ಹೋದರೆ ಮೇಸ್ತ್ರಿ ಬಿಡುವುದಿಲ್ಲ, ಹೋದ ವರ್ಷ ಇದೇ ಹಟ್ಟಿಯ ಜೋಗಿಯ ಹೆಂಡತಿಯನ್ನು ಹಾಗೆ ಹಿಂದಕ್ಕೆ ಅಟ್ಟಿದ್ದ. ಮನೆಯಲ್ಲಿ ಬಿಟ್ಟರೆ ಹಸಿದು ಅಳುತ್ತದೆ. ಅಳುವ ಕೂಸನ್ನು ಹಿಡಿದು ಮುದುಕಿ ದನ ಕಟ್ಟಬೇಕೋ, ನೀರು ತರಬೇಕೋ? ಚಿನ್ನಿ ಇದನ್ನೆಲ್ಲ ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಬೇರೆ ದಾರಿ ಇದ್ದರೆ ತೋರಿಸು ಎಂದಳು, ಅಷ್ಟೆ.

ದಾರಿ ಪಾಪಾತಿಗೆ ಗೊತ್ತಿತ್ತು. ಎಸ್ಟೇಟಿನ ಕಾರ್ಖಾನೆಯ ಪಕ್ಕ ಒಂದು ಗುಡಿಸಲು, ಐದಾರು ತೊಟ್ಟಿಲು, ಮಧ್ಯಾಹ್ನ ತಾಯಂದಿರು ಬಂದು ಹಾಲು ಕೊಡಲು ಅರ್ಧ ಗಂಟೆ. ಎಸ್ಟೇಟಿನ ಗುಮಾಸ್ತ ರಂಗನಾಥನ್ ಹತ್ತಿರ ಎರಡು ಸಲ ಹೋಗಿ ಕೇಳಿದ್ದಳು. ಎಸ್ಟೇಟು ಛತ್ರವಲ್ಲ, ಮೇಲಿನಿಂದ ಕಾಗದ ಬಂದರೆ ದೊರೆಗೆ ತೋರಿಸುತ್ತೇನೆ ಎಂದು ಅವನು ಲೆಡ್ಜರಿನಿಂದ ತಲೆ ಎತ್ತದೆ ಹೇಳಿದ್ದ.

ಮೇಲಿನಿಂದ ಕಾಗದ ಬರಬೇಕಾದರೆ ಕೆಳಗಿನಿಂದ ಒಂದು ಹೋಗಬೇಕಲ್ಲ? ಆ ಕಾಗದ ಪಾಪಾತಿಯ ಪೆಟ್ಟಿಗೆಯಲ್ಲಿ ಒಂದು ವರ್ಷದಿಂದ ಮಲಗಿತ್ತು.

ಹೋದ ವರ್ಷ ಜೋಗಿಯ ಕೂಸು ನಿದ್ದೆಯಲ್ಲೇ ಸತ್ತಾಗ ಅವಳು ಸಮಿತಿಗೆ ಎಲ್ಲವನ್ನೂ ಬರೆದಿದ್ದಳು: ಉಗುರು, ಸಂತೆಯ ಅಂಗಡಿ, ಎಸ್ಟೇಟಿನ ನಿಯಮ, ಸತ್ತ ಕೂಸುಗಳ ಹೆಸರು. ಲಕೋಟೆ ಅಂಟಿಸುವ ಮೊದಲೇ ಹಿರಿಯ ಎಂಬ ಹೆಸರಿನ ಊರುಗೌಡ ಅವಳ ಜಗಲಿಗೆ ಬಂದು ಕುಳಿತ. ಅವನು ಗದರುವವನಲ್ಲ. ಕಾಫಿ ಕೇಳಿ ಕುಡಿದ. ಆಮೇಲೆ ಮೆಲ್ಲಗೆ ಹೇಳಿದ:

"ಬರೆ ತಾಯಿ, ಬೇಡ ಅನ್ನುವುದಿಲ್ಲೆ. ಪೊಲೀಸಿನವರು ಬರುತ್ತಾರೆ. ಬಂದವರು ಯಾರನ್ನು ಹಿಡಿದಾರು? ಲೈಸೆನ್ಸು ಇರುವ ಅಂಗಡಿಯವನನ್ನಾ? ಎಸ್ಟೇಟಿನ ದೊರೆಯನ್ನಾ? ಮಾದಿಯನ್ನು ಹಿಡಿಯುತ್ತಾರೆ, ಕಾಡಿಯನ್ನು ಹಿಡಿಯುತ್ತಾರೆ. ನಿನ್ನ ಹೆತ್ತೆಯರನ್ನು ಜೀಪಿನಲ್ಲಿ ಕೂರಿಸಿ ಕಳಿಸುವುದಕ್ಕೇನು ನೀನು ಓದು ಕಲಿತದ್ದು?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಅದು ಅವಳನ್ನು ಕಟ್ಟಿಹಾಕಿತು. ಕಾಗದ ಪೆಟ್ಟಿಗೆಗೆ ಹೋಯಿತು. ಹಟ್ಟಿಯ ಹುಟ್ಟು ಸಾವಿನ ಪುಸ್ತಕದಲ್ಲಿ ಜೋಗಿಯ ಕೂಸಿನ ಮುಂದೆ 'ಜ್ವರ' ಎಂದು ಬರೆಯಲಾಯಿತು. ಪಾಪಾತಿಯೂ ತನ್ನ ವರದಿಯಲ್ಲಿ ಜ್ವರ ಎಂದೇ ಬರೆದಳು. ನಾಲ್ಕು ವರ್ಷಗಳಲ್ಲಿ ಏಳು ಕೂಸುಗಳು, ಏಳಕ್ಕೂ ಜ್ವರ. ಬೆಳ್ಳಾರೆಯ ಜ್ವರಕ್ಕೆ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ.

ಕಾಗದ ಕಳಿಸಲಾಗದವಳು ಕೈಲಾದದ್ದನ್ನಾದರೂ ಮಾಡೋಣ ಎಂದುಕೊಂಡಳು. ಮನುಷ್ಯರು ತಮ್ಮ ಹೇಡಿತನಕ್ಕೆ ಇಡುವ ಒಳ್ಳೆಯ ಹೆಸರು ಇದು. ಈ ಒಂದು ಮನೆಯನ್ನು ಸರಿಮಾಡಿದರೆ ಉಳಿದವರು ನೋಡಿ ಕಲಿತಾರು ಎಂದು ತನಗೆ ತಾನೇ ಹೇಳಿಕೊಂಡು, ದಿನವೂ ಮಾದಿಯ ಮನೆಗೆ ಬಂದಳು. ಕಾಯಿಸಿ ಆರಿಸಿದ ಹಸುವಿನ ಹಾಲನ್ನು ಒಳಲೆಯಲ್ಲಿ ಕುಡಿಸುವುದನ್ನು ಮುದುಕಿಗೆ ಕಲಿಸಿದಳು. ನಾಲ್ಕನೆಯ ದಿನ ಮಾದಿ ತಾನೇ ಬೆರಳು ಚಾಚಿದಳು.

"ಕತ್ತರಿಸು. ನಿನ್ನ ಬಾಯಿ ಮುಚ್ಚಲಿ. ಎನ್ನ ಮದುವೆಯಲ್ಲೂ ಇಷ್ಟು ಸಲ ಯಾರೂ ಎನ್ನ ಕೈ ನೋಡಿರಲಿಲ್ಲ."

ಪಾಪಾತಿ ಕತ್ತರಿಸಿದಳು. ಮೂರು ದಿನ ಮಲ್ಲಿ ಅತ್ತಿತು. ಬೆವರಿತು, ಮೈ ನಡುಗಿತು, ಹಾಲು ಕಕ್ಕಿತು. ಒಂದೇ ಗೋಡೆಗೆ ಅಂಟಿಕೊಂಡ ಸಾಲುಮನೆಗಳು ಅವು. ಪಕ್ಕದ ಮನೆಯ ಕಾಡಿ, ಕೂಸಕ್ಕ ನಮ್ಮ ನಿದ್ದೆಗೂ ಒಂದು ಔಷಧ ತಂದಾಳೇ ಎಂದು ಅಣಕಿಸಿದಳು. ಐದನೆಯ ದಿನ ಕೂಸು ಕಣ್ಣರಳಿಸಿ ಸೂರಿನ ಬೆಳಕನ್ನು ನೋಡಿತು. ವಾರ ಕಳೆದ ಮೇಲೆ ಚಿನ್ನಿಯ ಮೂಗುತಿಗೆ ಕೈ ಹಾಕಿತು. ಮೂರನೆಯ ವಾರದಲ್ಲಿ ಗಟ್ಟಿಯಾಗಿ ನಕ್ಕಿತು. ಎಸ್ಟೇಟಿನಿಂದ ಬಂದ ಚಿನ್ನಿ ಕಾಲು ತೊಳೆಯದೆ ಓಡಿಬರುತ್ತಿದ್ದದ್ದು ಆ ನಗುವಿಗೆ.

ಉಳಿದ ಹತ್ತು ಮನೆಗಳಲ್ಲಿ ಕೂಸುಗಳು ಮಲಗಿಯೇ ಇದ್ದವು. ಉಗುರು ಬಿಡಿಸಿದ ಮೇಲೆ ಮತ್ತೆ ಕೊಟ್ಟರೆ ಹಳೆಯ ಅಳತೆಯೇ ಕೂಸಿಗೆ ವಿಷವಾಗುತ್ತದೆ ಎಂದು ಆಸ್ಪತ್ರೆಯ ಡಾಕ್ಟರಮ್ಮ ಪಾಪಾತಿಗೆ ಹೇಳಿಕೊಟ್ಟಿದ್ದರು. ಅದನ್ನು ಅವಳು ಮಾದಿಗೆ, ಚಿನ್ನಿಗೆ ಹೇಳಿದಳು. ಉಳಿದವರಿಗೆ ಹೇಳಿದರೆ ಮಾತು ಗೌಡನ ಜಗಲಿಗೆ ಹೋಗುತ್ತದೆ ಎಂದು ಹೇಳಲಿಲ್ಲ.

ಆಲೂಗಡ್ಡೆ ಕೀಳುವ ದಿನ ಬಂತು. ಕೈಗೆ ಬಲವಿದ್ದ ಗಂಡಸರು ಹೆಂಗಸರೆಲ್ಲ ಹೊಲಕ್ಕೆ ಇಳಿದರು, ಚಿನ್ನಿಯೂ ಹೋದಳು. ಹನ್ನೊಂದು ಕೂಸುಗಳನ್ನು ಗೌಡನ ಜಗಲಿಯಲ್ಲಿ ಸಾಲಾಗಿ ಮಲಗಿಸಿ ಮಾದಿ, ಕಾಡಿ, ಮಾಸಿ ಎಂಬ ಮೂವರು ಹೆತ್ತೆಯರನ್ನು ಕಾವಲಿಟ್ಟರು. ಹಟ್ಟಿಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಹಟ್ಟಿಯ ಪ್ರತಿ ಮುದುಕಿಯೂ ಹೆತ್ತೆಯೇ. ಯಾರ ಕೂಸಿಗೆ ಯಾರು ಉಣಿಸಿದರೂ ಕೇಳುವವರಿಲ್ಲ, ಕೇಳಿದರೆ ಅದು ಅವಮಾನ.

ಹತ್ತು ಕೂಸುಗಳು ಮಲಗಿದವು. ಮಲ್ಲಿ ಎಚ್ಚರವಾಗಿತ್ತು. ಮಾದಿ ತಂದ ಹಾಲು ಮಧ್ಯಾಹ್ನಕ್ಕೇ ಮುಗಿದಿತ್ತು. ಕೂಸು ಅತ್ತಿತು, ಮಾದಿ ಹಾಲು ಕಾಯಿಸಿ ತರಲು ಮನೆಗೆ ಹೋದಳು. ಉಳಿದವನ್ನೂ ಎಬ್ಬಿಸುತ್ತದಲ್ಲ ಎಂದು ಕಾಡಿ ತನ್ನ ಉಗುರು ಕೊಟ್ಟು, ದನ ಹೊಲಕ್ಕೆ ನುಗ್ಗಿದ್ದು ನೋಡಿ ಎದ್ದುಹೋದಳು. ಅಮಲು ಏರುವ ಮುಂಚೆ ಕೂಸು ಮುಲುಗುತ್ತಿತ್ತು. ಬಿಸಿಲು ಕಾಯುತ್ತಿದ್ದ ಮಾಸಿ ಬಂದು, ಪಾಪ ಇದೊಂದಕ್ಕೆ ಯಾರೂ ಕೊಟ್ಟಿಲ್ಲೆ ಎಂದು ತಾನೂ ಕೊಟ್ಟಳು. ಮಾದಿ ಹಾಲು ತರುವಾಗ ಮಲ್ಲಿ ಅರೆಗಣ್ಣಾಗಿ ಮುಖ ಕಿವುಚುತ್ತಿತ್ತು. ಒಳಲೆಯನ್ನು ನಾಲಿಗೆಯಿಂದ ನೂಕಿತು. ಹೊಟ್ಟೆ ನೋವಿರಬೇಕು, ಇವತ್ತೊಂದು ದಿನ, ಚೂರೇ ಚೂರು, ಎಂದುಕೊಂಡು ಮಾದಿ ಕಾಡಿಯ ಡಬ್ಬಿಯಿಂದ ಬೆರಳ ತುದಿಗೆ ತೆಗೆದು ಚೀಪಿಸಿದಳು. ಮೂವರೂ ಪ್ರೀತಿಯಿಂದಲೇ ಕೊಟ್ಟರು. ಬೈಯಲು ಒಬ್ಬ ಕೆಟ್ಟವಳಾದರೂ ಇದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಹೊಲದಿಂದ ಬಂದ ಚಿನ್ನಿ ಕೂಸನ್ನು ಎತ್ತಿಕೊಂಡಳು. ತುಟಿ ನೀಲಿಯಾಗಿತ್ತು.

ಕರೆದ ಕೂಡಲೇ ಪಾಪಾತಿ ಓಡಿಬಂದಳು. ಅಂಗಾಲು ತಟ್ಟಿದಳು, ತಣ್ಣೀರು ಚಿಮುಕಿಸಿದಳು, ಹೆಸರು ಹಿಡಿದು ಕೂಗಿದಳು. ಉಸಿರು ಒಮ್ಮೆ ಬರುತ್ತಿತ್ತು, ಮತ್ತೆ ಎಷ್ಟೋ ಹೊತ್ತು ಬರುತ್ತಿರಲಿಲ್ಲ. ಕೂಸಿನ ಅಪ್ಪ ಹಾಲ ಅದನ್ನು ಎದೆಗೆ ಅವಚಿಕೊಂಡು ಕೋತಗಿರಿಯ ಆಸ್ಪತ್ರೆಯ ದಾರಿ ಹಿಡಿದ. ನಾಲ್ಕು ಮೈಲಿಯ ದಾರಿಯಲ್ಲಿ ಎರಡೂ ಮುಗಿದಿರಲಿಲ್ಲ. ಚಾ ತೋಟದ ತಿರುವಿನಲ್ಲಿ ಅವನು ನಿಂತ. ಹಿಂದೆ ಬರುತ್ತಿದ್ದ ಪಾಪಾತಿ ಯಾಕೆ ನಿಂತೆ ಎಂದು ಕೇಳಲಿಲ್ಲ.

ಮರುದಿನ, ಮಣ್ಣು ಮಾಡಿ ಬಂದ ಮೇಲೆ, ಗೌಡ ಹುಟ್ಟು ಸಾವಿನ ಪುಸ್ತಕ ತರಿಸಿದ. ಅವನಿಗೂ ಕಣ್ಣು ಕೆಂಪಾಗಿತ್ತು. ಬರೆಯುವವನು ಲೇಖನಿ ಅದ್ದಿ ಸಾವಿನ ಕಾರಣ ಕೇಳಿದ, ಹಿರಿಯ "ಜ್ವರ" ಎಂದ.

"ಜ್ವರ ಅಲ್ಲ, ಮಾವ," ಎಂದಳು ಪಾಪಾತಿ.

"ಹೋದದ್ದು ಬಂದೀತಾ? ಮೂವರು ಮುದುಕಿಯರು ಒಳಗೆ ಅನ್ನ ಮುಟ್ಟದೆ ಕೂತಿದ್ದಾರೆ. ಅವರನ್ನೂ ಕೊಲ್ಲಬೇಕಾ?"

ಆಗ ಗೋಡೆಗೆ ಒರಗಿದ್ದ ಚಿನ್ನಿ ಮೊದಲ ಸಲ ಬಾಯಿ ತೆರೆದಳು. ಗೌಡನ ಕಡೆ ನೋಡಲಿಲ್ಲ, ಪಾಪಾತಿಯ ಕಡೆ ನೋಡಿದಳು.

"ಅಕ್ಕ, ನಿನಗ ಹೋದ ವರ್ಷವೇ ಗೊತ್ತಿತ್ತು. ಜೋಗಿಯ ಕೂಸು ಯಾಕೆ ಸತ್ತಿತು ಅಂತ ಗೊತ್ತಿತ್ತು. ಎಲ್ಲರ ಉಗುರೂ ಯಾಕೆ ಕತ್ತರಿಸಲಿಲ್ಲೆ? ಎನ್ನ ಅತ್ತೆಯದು ಮಾತ್ರ ಏಕ?"

ಪಾಪಾತಿಯ ಹತ್ತಿರ ಉತ್ತರವಿತ್ತು, ಅದನ್ನು ಹೇಳಲು ನಾಚಿಕೆಯಾಯಿತು. ಕೆಲವರ ಮಾನ ಉಳಿಯಲಿ ಎಂದು ತಾನು ಬಚ್ಚಿಟ್ಟ ಕಾಗದ ಮಲ್ಲಿಯ ನಗುವನ್ನು ತಿಂದಿತ್ತು.

"ಎಂಟು ಕೂಸು, ಮಾವ," ಎಂದಳು. "ಹೆತ್ತೆಯರನ್ನು ಉಳಿಸುತ್ತಿದ್ದೀವಿ ಅಂದುಕೊಂಡು ನೀವೂ ನಾನೂ ಉಳಿಸಿದ್ದು ಯಾರನ್ನು? ಅಂಗಡಿಯವನನ್ನು, ಮೇಸ್ತ್ರಿಯನ್ನು. ನಾವು ಜ್ವರ ಅಂತ ಬರೆದಷ್ಟು ದಿನ ತೊಟ್ಟಿಲಿನ ಗುಡಿಸಲು ಯಾರು ಕಟ್ಟಿಕೊಡುತ್ತಾರೆ? ಜ್ವರಕ್ಕೆ ತೊಟ್ಟಿಲು ಯಾಕೆ ಬೇಕು ಅನ್ನುತ್ತಾರೆ. ನಾನು ಇವತ್ತು ಕಳಿಸುತ್ತೇನೆ. ನನ್ನ ತಪ್ಪನ್ನೂ ಸೇರಿಸಿ ಕಳಿಸುತ್ತೇನೆ."

"ಪೊಲೀಸು ಬಂದರೆ?"

"ಬರುವುದಿಲ್ಲ ಅಂತ ನಾನು ಹೇಳಲಾರೆ."

ಒಳಮನೆಯಿಂದ ಮಾದಿ ಗೋಡೆ ಹಿಡಿದುಕೊಂಡು ಬಂದಳು. ಅಳುತ್ತಿರಲಿಲ್ಲ. ಗೌಡನ ಎದುರು ಹೆಂಗಸರು ಕೂರುವ ವಾಡಿಕೆಯಿಲ್ಲ, ಅವಳು ಕೂತಳು.

"ಹಿರಿಯ, ನೀನು ಹುಟ್ಟಿದಾಗ ನಿನಗ ಉಗುರು ಕೊಟ್ಟವಳು ಎನ್ನ ಅತ್ತೆ. ನೀನು ಬದುಕಿದೆ, ಅದಕ್ಕೆ ನಾವೆಲ್ಲ ನಂಬಿದೆವು. ನಿನ್ನ ಹಿಂದೆ ಹುಟ್ಟಿದ್ದು ಬದುಕಲಿಲ್ಲೆ. ಅದನ್ನು ಯಾರೂ ನೆನೆಯಲಿಲ್ಲೆ." ಆಮೇಲೆ ಪಾಪಾತಿಯ ಕಡೆ ತಿರುಗಿದಳು. "ಎನ್ನ ಹೆಸರು ಬರೆ. ಕಾಡಿ, ಮಾಸಿಯದು ಅವರನ್ನು ಕೇಳಿ ಬರೆ. ಎನ್ನದು ಬರೆ. ಮುದುಕಿ ಒಬ್ಬಳು ತನ್ನ ಬಾಯಿಂದಲೇ ಹೇಳಿದಳು ಅಂತ ಬರೆ. ಎನ್ನ ಹೊಟ್ಟೆಯಲ್ಲಿ ಹುಟ್ಟಿ ಹೋದ ಆ ಮೂರನ್ನೂ ಸೇರಿಸು. ದೇವರು ಕರೆದುಕೊಂಡದ್ದಲ್ಲ."

ಹಿರಿಯ ಪುಸ್ತಕವನ್ನು ಮುಚ್ಚಲೂ ಇಲ್ಲ, ಮುಂದಕ್ಕೆ ತಳ್ಳಲೂ ಇಲ್ಲ. ಬರೆಯುವವನ ಲೇಖನಿಯ ಮಸಿ ಒಣಗಿತು. ಆ ಸಾಲು ಖಾಲಿಯೇ ಉಳಿಯಿತು.

ಪಾಪಾತಿ ಅಲ್ಲೇ ಜಗಲಿಯ ಮೇಲೆ ಕುಳಿತು, ಪೆಟ್ಟಿಗೆಯಿಂದ ತೆಗೆದು ತಂದಿದ್ದ ಹಳೆಯ ಕಾಗದದ ಕೆಳಗೆ ಹೊಸ ಪುಟ ಸೇರಿಸಿದಳು. ಸಂತೆಯಲ್ಲಿ ಅಫೀಮು ಮಾರುವುದನ್ನು ನಿಲ್ಲಿಸಿ. ಮುದುಕಿಯರನ್ನು ಹಿಡಿಯಬೇಡಿ, ಅವರಿಗೆ ಕಲಿಸಲು ಡಾಕ್ಟರಮ್ಮನನ್ನು ಕಳಿಸಿ. ಬಿಟ್ಟ ಕೂಸಿಗೆ ಮತ್ತೆ ಕೊಟ್ಟರೆ ಸಾಯುತ್ತದೆ ಎಂದು ಹಟ್ಟಿ ಹಟ್ಟಿಯಲ್ಲಿ ಸಾರಿಸಿ. ಹಾಲೂಡಿಸಲು ತಾಯಂದಿರಿಗೆ ಮಧ್ಯಾಹ್ನ ಬಿಡುವು ಕೊಡುವಂತೆ ಎಸ್ಟೇಟಿಗೆ ಬರೆಯಿರಿ. ನನ್ನ ಹಿಂದಿನ ವರದಿಗಳಲ್ಲಿ ಜ್ವರ ಎಂದಿರುವ ಕಡೆಯೆಲ್ಲ ಸುಳ್ಳಿದೆ. ಆ ಸುಳ್ಳಿಗೆ ನನ್ನನ್ನು ಕೆಲಸದಿಂದ ತೆಗೆದರೆ ನನ್ನ ಜಾಗಕ್ಕೆ ಕೂಡಲೇ ಇನ್ನೊಬ್ಬಳನ್ನು ಕಳಿಸಿ. ಇನ್ನೂ ಹತ್ತು ಕೂಸುಗಳು ಮಲಗಿವೆ.

ಅಂಚೆಗೆ ಅವಳೊಬ್ಬಳೇ ಹೊರಟಳು. ಚಾ ತೋಟದ ತಿರುವಿನಲ್ಲಿ ಹಿಂದೆ ಹೆಜ್ಜೆ ಕೇಳಿತು. ಚಿನ್ನಿ ಬರುತ್ತಿದ್ದಳು. ಜೊತೆಗೆ ನಡೆಯಲಿಲ್ಲ. ದಾಟಿಕೊಂಡು ಮುಂದೆ ಹೋದಳು.

ಕೋತಗಿರಿಯ ಅಂಚೆಮನೆಯಲ್ಲಿ ಪಾಪಾತಿ ಕಾಗದವನ್ನು ರಿಜಿಸ್ಟರ್ ಮಾಡಿಸಿದಳು, ನಾಳೆ ಯಾರೂ ತಲುಪಲಿಲ್ಲ ಎನ್ನಬಾರದೆಂದು. ಗುಮಾಸ್ತ ಮೊಹರು ಒತ್ತಿ ಚೀಲಕ್ಕೆ ಹಾಕಿದ. ಚಿನ್ನಿ ಕಿಟಕಿಯ ಸರಳು ಹಿಡಿದು ಕೇಳಿದಳು:

"ಇವತ್ತೇ ಹೋಗುತ್ತದಾ?"

ಸಂಜೆಯ ಬಸ್ಸಿಗೆ ಎಂದ ಗುಮಾಸ್ತ. ಬಸ್ಸು ಬರಲು ಇನ್ನೂ ಎರಡು ಗಂಟೆಯಿತ್ತು. ಚಿನ್ನಿ ಅಂಚೆಮನೆಯ ಮೆಟ್ಟಿಲ ಮೇಲೆ ಕುಳಿತಳು. ಎದೆಯ ಬಟ್ಟೆ ಮತ್ತೆ ಒದ್ದೆಯಾಗುತ್ತಿತ್ತು, ಈ ಸಲ ಅವಳು ಮುಚ್ಚಿಕೊಳ್ಳಲಿಲ್ಲ. ಚೀಲ ಬಸ್ಸು ಹತ್ತಿ, ಬಸ್ಸು ಊಟಿಯ ದಾರಿಗೆ ತಿರುಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ.