ಕೆಂಪು ಶಾಯಿಯ ಉತ್ತರ

ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಬೀಳ! ಲೈಬ್ರರಿಯಲ್ಲಿ ವರ್ಷಕ್ಕೊಮ್ಮೆ ಕ್ವಿಜ್ ನಡೆಸುವವನು ನಾನು. ಕಾರ್ಡಿನ ಮುಂದೆ ಪ್ರಶ್ನೆ, ಬೆನ್ನಿಗೆ ಕೆಂಪು ಶಾಯಿಯಲ್ಲಿ ಉತ್ತರ. ಕಾರ್ಡಿನಲ್ಲಿದ್ದದ್ದೇ ಕೊನೆಯ ಮಾತು ಎಂಬ ನಿಯಮವೂ ನನ್ನದೇ. ಹತ್ತು ವರ್ಷದ ಹಿಂದೆ ಬರೆದಿಟ್ಟ ಕಾರ್ಡುಗಳು ಕಂತೆಗಟ್ಟಲೆ ಉಳಿದಿದ್ದವು. ಹೊಸದು ಬರೆಯುವ ಗೋಜಿಗೆ ಯಾರು ಹೋಗುತ್ತಾರೆ?

ನಮ್ಮಣ್ಣ ದರ್ಜಿ. ನಾನು ಓದಲಿ ಅಂತ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮಿಷಿನ್ನಿನ ಮುಂದೆ ಕೂತವನು. ಗುಂಡಿ ಸುತ್ತಿ ತಂದ ಪೇಪರ್ ಚೂರನ್ನೂ ಓದದೆ ಎಸೆಯುತ್ತಿರಲಿಲ್ಲ. "ನನ್ನ ಹೆಸರಿರೋ ಸರ್ಟಿಫಿಕೇಟು ಒಂದಾದ್ರೂ ಗೋಡೆ ಮೇಲೆ ಇರ್ಬೇಕು ಕಣೋ" ಎನ್ನುತ್ತಿದ್ದ. ಅದಕ್ಕೆಂದು ಅಂಗಡಿಯಲ್ಲಿ ಮೊಳೆಯನ್ನೂ ಹೊಡೆದಿಟ್ಟಿದ್ದ.

ಕಳೆದ ಸಲ ಫೈನಲ್ಲಿಗೆ ಬಂದೇಬಿಟ್ಟ, ಎದುರಿಗೆ ಹೈಸ್ಕೂಲಿನ ಗಣಿತದ ಮೇಷ್ಟ್ರು. ಸರ್ಕಾರದ ಸುತ್ತಿನಲ್ಲಿ ಮಂತ್ರಿ, ಮಸೂದೆ, ಮೇಲ್ಮನೆ ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟ. ಪದಗಳ ಸುತ್ತಿನಲ್ಲಿ, ಹಿಂದೆ ಮುಂದೆ ಹೇಗೆ ಓದಿದರೂ ಒಂದೇ ಆಗುವ ಐದಕ್ಷರದ ಪದ ಕೇಳಿದರೆ ಕಣ್ಣು ಮಿಟುಕಿಸದೆ "ನವಜೀವನ" ಎಂದ. ಕೊನೆಗೆ ದಾಖಲೆಗಳ ಸುತ್ತು. ಇಬ್ಬರೂ ಸಮಸಮ.

"ಅತಿ ಹೆಚ್ಚು ಚಂದ್ರರಿರೋ ಗ್ರಹ ಯಾವುದು?"

"ಶನಿ" ಎಂದ ಅಣ್ಣ.

ಕಾರ್ಡಿನಲ್ಲಿ ಗುರು ಎಂದಿತ್ತು. "ಶನಿ ನಿನ್ನ ಹೆಗಲೇರಿದಾನೆ ಅಣ್ಣ, ಮೊದಲು ಇಳಿಸ್ಕೋ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಅಣ್ಣನೂ ನಕ್ಕ. ಮೇಷ್ಟ್ರು "ಗುರು" ಎಂದು ಗೆದ್ದರು.

ಮರುದಿನ ಹೊಸದಾಗಿ ಬಂದ ವಿಜ್ಞಾನ ಪತ್ರಿಕೆಗೆ ಮುದ್ರೆ ಒತ್ತುತ್ತಿದ್ದೆ. ಚಂದ್ರರ ಲೆಕ್ಕದಲ್ಲಿ ಶನಿ ಗುರುವನ್ನು ಹಿಂದೆ ಹಾಕಿದೆ ಎಂದು ಅದರಲ್ಲಿತ್ತು. ತಾರೀಕು ಹಾಕಿ ತಿದ್ದುಪಡಿಯ ಚೀಟಿ ಬರೆದೆ, ನೋಟೀಸ್ ಬೋರ್ಡಿನ ತನಕ ಹೋದೆ. ಜನ ಏನಂದುಕೊಂಡಾರು? ಮೇಷ್ಟ್ರ ಕೈಯಿಂದ ಸರ್ಟಿಫಿಕೇಟು ಹೇಗೆ ಕಿತ್ತುಕೊಳ್ಳಲಿ? ಚೀಟಿಯನ್ನು ಡ್ರಾಯರಿಗೆ ತುರುಕಿದೆ. ಥೂ, ಎಂಥ ಹೇಡಿ ನಾನು.

ಅಣ್ಣ ಲೈಬ್ರರಿಗೆ ಬರುವುದನ್ನೇ ಬಿಟ್ಟ. ಮುನಿಸಿಕೊಂಡಿದ್ದಾನೆ ಎಂದುಕೊಂಡೆ. ಎಂಟು ತಿಂಗಳ ಮೇಲೆ, ಹೋದ ವಾರ ಬೆಳಿಗ್ಗೆ, ಚೀಟಿಯನ್ನು ಜೇಬಿಗೆ ಹಾಕಿಕೊಂಡು ಅವನ ಅಂಗಡಿಗೆ ಹೋದೆ. ಮೊಳೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅಣ್ಣನ ಮೊಮ್ಮಗಳು ಪಾಠಪುಸ್ತಕ ಹಿಡಿದು ಅವನ ಜೊತೆ ವಾದಕ್ಕೆ ನಿಂತಿದ್ದಳು.

"ತಾತ, ಪುಸ್ತಕದಲ್ಲಿ ಶನಿ ಅಂತಿದೆ!"

"ಪುಸ್ತಕದೋರು ತಪ್ಪು ಮಾಡಿರ್ತಾರೆ ಪುಟ್ಟಿ. ನಾನೂ ಹಂಗೇ ಅಂದ್ಕೊಂಡು ಮೂರ್ಖನಾಗಿದ್ದೆ. ನನ್ನ ತಮ್ಮ ಎಲ್ಲರ ಎದುರಿಗೆ ಗುರು ಅಂತ ಹೇಳಿದಾನೆ. ಅವನು ಓದಿದೋನು, ಸುಳ್ಳು ಹೇಳಲ್ಲ."

ಹುಡುಗಿ ನನ್ನತ್ತ ತಿರುಗಿದಳು. "ಚಿಕ್ಕತಾತ, ನೀವೇ ಹೇಳಿ."

"ಶನಿ" ಎಂದೆ. ಚೀಟಿಯನ್ನು ಮಿಷಿನ್ನಿನ ಮೇಲಿಟ್ಟೆ.

ಅಣ್ಣ ಓದಿದ. ತಾರೀಕನ್ನು ಎರಡು ಸಲ ನೋಡಿದ.

"ಹಂಗಾದ್ರೆ ಅವತ್ತು ನಾನು ಗೆದ್ದಿದ್ನಾ?"

"ಹೌದು ಅಣ್ಣ."

"ಮಾರನೇ ದಿನವೇ ನಿಂಗೆ ಗೊತ್ತಿತ್ತು."

ಅವನು ಸೂಜಿಗೆ ದಾರ ಪೋಣಿಸಲು ಹೋದ, ಆಗಲಿಲ್ಲ. ಚಿಕ್ಕಂದಿನಿಂದ ಅವನಿಗೆ ದಾರ ಪೋಣಿಸಿ ಕೊಡುವವನು ನಾನೇ. ಕೈ ಚಾಚಿದೆ.

ಅಣ್ಣ ಸೂಜಿಯನ್ನು ಮೊಮ್ಮಗಳ ಕೈಗೆ ಕೊಟ್ಟ.

"ಹೊರಡು" ಎಂದ, "ಲೈಬ್ರರಿ ಬಾಗಿಲು ತೆಗೆಯೋ ಹೊತ್ತಾಯ್ತು."